ಅವ್ವ ಒಣಗಿಸಿದ ಚೀಟಿಗಳು

ಕಳೆದ ತಿಂಗಳು ಅವ್ವನ ಕನ್ನಡಕದ ಕಾಲು ಮುರಿದು ರಾಯಚೂರಿನ ಪೇಟೆಗೆ ಹೋಗಿದ್ದೆವು. ಅದನ್ನು ರಿಪೇರಿಗೆ ಕೊಟ್ಟು ಹೊರಬರುವಾಗ ಮಳೆ ಬಂತು. ಕೋಳಿಮರಿ ಮಾರುವ ಅಂಗಡಿಯೊಂದರ ತಗಡಿನ ಕೆಳಗೆ ಓಡಿ ನಿಂತೆವು. ಒಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟು ಹಾಸಿ, ಮರಿಗಳಿಗೆ ಕಾವು ತಾಗಲೆಂದು ಹಳದಿ ಬಲ್ಬೊಂದನ್ನು ಇಳಿಬಿಟ್ಟಿದ್ದರು. ಹಸಿ ಹೊಟ್ಟು ಆ ಕಾವಿಗೆ ಒಣಗುತ್ತಾ ಒಂದು ವಾಸನೆ ಹೊರಟಿತ್ತು, ಅರ್ಧ ಮಣ್ಣಿನದು, ಅರ್ಧ ಹುರಿದ ಕಾಳಿನದು.

ಅವ್ವ ಮೂಗು ಎಳೆದು, "ನಿನ್ನ ಖೋಲಿ ವಾಸನಿ ಬಂತು ನೋಡು" ಎಂದಳು.

ನಾನು ಮಳೆಯನ್ನೇ ನೋಡುತ್ತಿದ್ದವಳಂತೆ ನಿಂತೆ. ಏಳು ವರ್ಷವಾಗಿತ್ತು ನಮ್ಮಿಬ್ಬರ ನಡುವೆ ಆ ಖೋಲಿಯ ಮಾತು ಬಂದು. ಇಬ್ಬರೂ ಜಾಣತನದಿಂದ ಅದನ್ನು ಸುತ್ತುಬಳಸಿ ದಾಟುತ್ತಿದ್ದೆವು. ಅವ್ವ ಅಷ್ಟಕ್ಕೇ ಸುಮ್ಮನಾಗದೆ ಇನ್ನೊಂದು ಮಾತು ಹೇಳಿದಳು. ಆ ಮಾತಿಗೆ ಬರುವ ಮೊದಲು ಆ ಮಳೆಗಾಲವನ್ನು ಹೇಳಬೇಕು, ಇಲ್ಲದಿದ್ದರೆ ಅದು ಯಾರಿಗೂ ಅರ್ಥವಾಗುವುದಿಲ್ಲ. ನನಗೇ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು.

ಆಗ ನನಗೆ ಇಪ್ಪತ್ತೊಂಬತ್ತು. ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತಿಗೆ ತಕ್ಕಂತೆ ಯಾವಾಗ ಎದ್ದು ಹೋಗು ಎನ್ನುತ್ತಾರೋ ಗೊತ್ತಿಲ್ಲದ ಕೆಲಸ. ಜೊತೆಗೆ ಪಿಎಚ್.ಡಿ. ಹುಣಸೆ ಮರದ ಕೆಳಗೆ ಕೊಳೆತು ಬಿದ್ದ ಎಲೆಯಲ್ಲಿ ಯಾವ ಯಾವ ಹುಳ ಇರುತ್ತವೆ ಎಂಬುದೇ ವಿಷಯ. ಕಣ್ಣಿಗೆ ಕಾಣುವ ಹುಳಗಳಲ್ಲ. ಸಾಸಿವೆ ಕಾಳಿಗಿಂತ ಚಿಕ್ಕವು, ರವೆಯ ಹರಳಿನಷ್ಟಿರುವವು, ಕನ್ನಡದಲ್ಲಿ ಹೆಸರೂ ಇಲ್ಲದವು. ನಮ್ಮ ಓಣಿಯಲ್ಲಿ ಇದನ್ನು ಯಾರಿಗಾದರೂ ಹೇಳಿದರೆ, "ಮದುವಿ ಯಾವಾಗ?" ಎಂದು ಕೇಳುತ್ತಿದ್ದರು. ಅವ್ವನೂ, "ಹುಚ್ಚು ಬಿಡೂತನಕ ಮದುವಿ ಆಗೂದಿಲ್ಲ, ಮದುವಿ ಆಗೂತನಕ ಹುಚ್ಚು ಬಿಡೂದಿಲ್ಲ" ಎಂದು ನಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವಳು ನನ್ನ ಹುಳಗಳ ಬಗ್ಗೆ ನಕ್ಕಳೇ ಹೊರತು ಬೇಡ ಎಂದದ್ದು ನೆನಪಿಲ್ಲ.

ನನ್ನ ಗೈಡ್ ಸರ್ ಆ ದೀಪಾವಳಿಗೆ ನಿವೃತ್ತರಾಗುವವರಿದ್ದರು. ಹುಣಸಿ ಮುಪ್ಪಾದರೂ ಹುಳಿ ಮುಪ್ಪಿಲ್ಲ ಎನ್ನುವಂಥ ಮನುಷ್ಯ. "ನೋಡವಾ, ನಾ ಇರೂದರಾಗ ಮುಗಿಸು. ಮುಂದ ಬರಾವ ನಿನ್ನ ಹುಳ ನೋಡ್ತಾನೋ, ನಿನ್ನ ಮುಖ ನೋಡಿ ವಾಪಸ್ ಕಳಸ್ತಾನೋ, ದೇವರಿಗೇ ಗೊತ್ತು" ಎಂದು ಹೆದರಿಸಿಟ್ಟಿದ್ದರು.

ಮೂರು ಮರ ಆರಿಸಿದ್ದೆ: ರಾಯಚೂರಿನೊಳಗೊಂದು, ದೇವದುರ್ಗದಲ್ಲೊಂದು, ಮಾನ್ವಿ ಕಡೆಯದೊಂದು. ಎಲೆ ಬಿದ್ದಲ್ಲೇ ಬಿದ್ದು ಕೊಳೆಯುವ ಜಾಗ ನಮ್ಮ ಸೀಮೆಯಲ್ಲಿ ಹುಡುಕುವುದೆಂದರೆ ಏನೆಂದು ಆಗಲೇ ತಿಳಿದದ್ದು. ಇಲ್ಲಿ ಸೂರ್ಯ ಹುಟ್ಟುವ ಮೊದಲೇ ಕಸಬರಿಗೆ ಹುಟ್ಟುತ್ತದೆ. ಮನೆಯ ಮುಂದೆ, ಗುಡಿಯ ಮುಂದೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಸುತ್ತ, ಎಲ್ಲಿ ಎಲೆ ಬಿದ್ದರೂ ಯಾರೋ ಒಬ್ಬಳು ಗುಡಿಸಿ ಗುಡ್ಡೆ ಹಾಕಿ ಬೆಂಕಿ ಹಚ್ಚಿರುತ್ತಾಳೆ. ರಾಯಚೂರಿನ ಮರ ಹಾಗೆಯೇ ಹೋಯಿತು. ಒಂದು ಹಳೆ ಕಚೇರಿಯ ಹಿಂದೆ ಎರಡು ಗೇಣು ಎಲೆ ಕೂಡಿದ್ದನ್ನು ನೋಡಿ ಬಂದು, ಮಾರನೇ ವಾರ ಚೀಲ ಹಿಡಿದು ಹೋದರೆ ನೆಲ ಸಾರಿಸಿಟ್ಟಂತಿತ್ತು. ಯಾರೋ ಸಾಹೇಬರು ಬರುವವರಿದ್ದರಂತೆ.

ಉಳಿದವು ಎರಡು. ದೇವದುರ್ಗದ್ದು ಊರಾಚೆ, ಬಂಡೆಗಳ ಸಂದಿಯಲ್ಲಿತ್ತು. ಕಸಬರಿಗೆ ಆಡಿಸಲು ಅಲ್ಲಿ ಜಾಗವೇ ಇರಲಿಲ್ಲ. ಆಡುಗಳು ಮಾತ್ರ ನೆರಳಿಗೆ ಬಂದು ಕೂರುತ್ತಿದ್ದವು. ಎರಡನೆಯದು ಬಾಗಲವಾಡದಲ್ಲಿ, ಬಸಮ್ಮ ಎಂಬವರ ಹೊಲದ ಬದುವಿನಲ್ಲಿ.

ಬಸಮ್ಮನವರಿಗೆ ಅರವತ್ತರ ಮೇಲೆ. ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಹಸಿರು ಬಳೆ. ಅವರ ಹುಣಸೆ ಮರದ ಬುಡದಲ್ಲಿ ಬಸವಣ್ಣನ ಪುಟ್ಟ ಕಲ್ಲೊಂದಿದೆ. ಅವರ ಮನೆತನದಲ್ಲಿ ಒಂದು ನಡಾವಳಿ. ಆ ಮರದ ನೆರಳು ಬೀಳುವಷ್ಟು ಜಾಗದಲ್ಲಿ ಕಸಬರಿಗೆ ತಾಗಿಸುವಂತಿಲ್ಲ. ಪೂಜೆಗೆ ಬಂದವರೂ ಎಲೆಯ ಮೇಲೇ ಕೂತು ಎದ್ದು ಹೋಗಬೇಕು.

"ನಮ್ಮತ್ತಿ ಹೇಳಿದ್ದು ತಂಗಿ. ಎಲಿ ಮರದ್ದು, ಮರಕ್ಕs ಬಿಡ್ರಿ ಅಂತಿದ್ಳು. ಯಾಕ ಅಂತ ನಾನೂ ಕೇಳಿಲ್ಲ, ಆಕೀನೂ ಹೇಳಿಲ್ಲ" ಎಂದರು.

ಕಾಲು ಇಟ್ಟರೆ ಮೆತ್ತಗೆ ಇಳಿಯುವಷ್ಟು ಎಲೆ. ಕೈಯಲ್ಲಿ ಕೆದರಿದರೆ ಕೆಳಗೆ ಕಪ್ಪಗೆ, ತಣ್ಣಗೆ, ಘಮಘಮ. ನನಗೆ ಬಾಯಲ್ಲಿ ನೀರೂರಿತು ಎಂದರೆ ನೀವು ನಗಬಹುದು. ಅಷ್ಟು ಎಲೆಯನ್ನು ಕೇಳುವುದು ಹೇಗೆ? ಒಂದು ಬುಟ್ಟಿ ಸಾಕು ಎಂದೆ. ಬಸಮ್ಮ ತುಂಬ ಹೊತ್ತು ಕಲ್ಲಿನ ಕಡೆ ನೋಡಿದರು.

"ಕಸಬರಿಗಿ ತರಬ್ಯಾಡ, ಕೈಲೆ ತಗೋ. ಆದ್ರ ತಂಗಿ, ತಗೊಂಡಿದ್ದು ತಿರುಗಿ ತಂದು ಹಾಕಬೇಕು. ನಾಗರ ಅಮಾಸಿ ಒಳಗ. ಮರದ್ದು ಮರಕ್ಕ ಮುಟ್ಟಲಿ."

ಒಪ್ಪಿಕೊಂಡೆ. ಎಲೆಯನ್ನು ಜರಡಿಯಲ್ಲಿ ಆಡಿಸಿ, ದೊಡ್ಡ ಕಡ್ಡಿ, ಕಾಯಿಸಿಪ್ಪೆಗಳನ್ನು ಅಲ್ಲೇ ಬಿಟ್ಟು, ಕೆಳಗೆ ಉದುರಿದ ಪುಡಿಯನ್ನಷ್ಟೇ ಚೀಲಕ್ಕೆ ತುಂಬುವುದು ನಮ್ಮ ಕ್ರಮ. ಹುಳವೆಲ್ಲ ಇರುವುದು ಪುಡಿಯಲ್ಲೇ. ನಾನು ಬೆವರು ಒರೆಸಿಕೊಳ್ಳಲು ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಬಸಮ್ಮ ಮನೆಯಿಂದ ಮೊರ ತಂದು, ಒಂದು ಬೊಗಸೆ ಪುಡಿಯನ್ನು ಅದರಲ್ಲಿ ಹಾಕಿ ಕೇರಲು ಶುರು ಮಾಡಿದ್ದರು.

"ಯವ್ವಾ, ಬ್ಯಾಡ್ರಿ! ಏನ್ ಮಾಡಾಕತ್ತೀರಿ?"

"ಧೂಳು ಭಾಳ ಅದ. ಹಸನ ಮಾಡಿ ಕೊಡ್ತೀನಿ ತಡಿ."

ನನಗೆ ಬೇಕಾದದ್ದು ಆ ಧೂಳೇ ಎಂದಾಗ ಅವರು ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಇಂಥ ಮಕ್ಕಳನ್ನು ಹೆತ್ತವರ ಬಗ್ಗೆ ಮರುಕವಿತ್ತು ಆ ನೋಟದಲ್ಲಿ.

ಚೀಲ ತುಂಬಿದ ಮೇಲೆ ಅದರೊಳಗೊಂದು ಚೀಟಿ ಹಾಕಬೇಕು. ದಪ್ಪ ಡ್ರಾಯಿಂಗ್ ಹಾಳೆಯ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಊರು, ಮರ, ದಿನ. ಪೆನ್ನು ಕೂಡದು, ಒದ್ದೆಯಾದರೆ ಹರಡುತ್ತದೆ. ಪೆನ್ಸಿಲ್ಲು ನೀರಲ್ಲಿ ನೆನೆದರೂ, ಸ್ಪಿರಿಟ್ಟಿನಲ್ಲಿ ಮುಳುಗಿದರೂ ಅಳಿಯುವುದಿಲ್ಲ. ಈ ಕೆಲಸದಲ್ಲಿ ಹುಳಕ್ಕಿಂತ ಚೀಟಿ ದೊಡ್ಡದು. ಎಲ್ಲಿಯದು ಎಂದು ಗೊತ್ತಿಲ್ಲದ ಹುಳ, ಎಷ್ಟೇ ಅಪರೂಪದ್ದಾಗಲಿ, ಕಸ. ಗುರುತಿಗಿರಲೆಂದು ಹೊರಗೆ ಚೀಲದ ಬಾಯಿಗೆ ದಾರವನ್ನೂ ಕಟ್ಟಿದೆ: ಬಾಗಲವಾಡದ್ದಕ್ಕೆ ಕೆಂಪು, ದೇವದುರ್ಗದ್ದಕ್ಕೆ ಬಿಳಿ. ಚೀಲಗಳೆರಡೂ ಒಂದೇ ಥರದ ಅಕ್ಕಿ ಚೀಲ. ಪುಡಿಯೂ ಅಷ್ಟೇ, ಜರಡಿ ಹಿಡಿದ ಮೇಲೆ ಹುಣಸೆ ಎಲೆಗೆ ಊರು ಕೇರಿ ಇರುವುದಿಲ್ಲ.

ಹಿತ್ತಲ ಖೋಲಿಯಲ್ಲಿ ಎರಡು ತಗಡಿನ ಲಾಳಿಕೆ ನೇತುಹಾಕಿದ್ದೆ. ಲಾಳಿಕೆಯಲ್ಲಿ ಪುಡಿ, ಮೇಲೊಂದು ತಗಡಿನ ಮುಚ್ಚಳ, ಮುಚ್ಚಳದೊಳಗೆ ಬಲ್ಬು, ಕೆಳಗೆ ಸ್ಪಿರಿಟ್ಟಿನ ಬಾಟಲಿ. ಬಲ್ಬಿನ ಕಾವಿಗೆ ಎಲೆ ಮೇಲಿಂದ ಒಣಗುತ್ತಾ ಬಂದಂತೆ ಹುಳಗಳು ತಂಪು ಹುಡುಕಿ ಕೆಳಗಿಳಿಯುತ್ತವೆ, ಇಳಿದು ಇಳಿದು ಬಾಟಲಿಗೆ ಬೀಳುತ್ತವೆ. "ತಂಪಿಗೆ ಹೋಗಿ ಸಾಯ್ತಾವಲ್ಲೇ, ಪಾಪ" ಎಂದು ಅವ್ವ ಒಮ್ಮೆ ಅಂದಿದ್ದಳು.

ಚೀಲ ಮನೆಗೆ ಬಂದವು, ಬಲ್ಬು ಇರಲಿಲ್ಲ. ಹಳೆಯ ಎರಡೂ ಒಡೆದು ಹೋಗಿದ್ದವು. ಈಗಿನ ಬಲ್ಬು ಬೆಳಕು ಕೊಡುತ್ತವೆ, ಕಾವು ಕೊಡುವುದಿಲ್ಲ. ಹಳದಿ ಬಲ್ಬು ಹುಡುಕಿಕೊಂಡು ಮೂರು ದಿನ ರಾಯಚೂರು ಸುತ್ತಿದೆ. ಕೊನೆಗೆ ಒಬ್ಬ ಅಂಗಡಿಯವನು ಅಟ್ಟದಿಂದ ಎರಡನ್ನು ಇಳಿಸಿ, ಧೂಳು ಊದಿ, "ಎಷ್ಟು ಮರಿ ಸಾಕೀರಿ ಮೇಡಂ? ನಾಟೀನೋ, ಫಾರಮ್ಮೋ?" ಎಂದು ಕೇಳಿದ. ನಾಟಿ ಎಂದೆ. ಸುಳ್ಳೇನಲ್ಲ. ಅದೇ ಸಂಜೆ ಲಾಳಿಕೆ ತುಂಬಿದೆ. ಒಂದೊಂದು ಚೀಲ ಬಿಚ್ಚಿ, ದಾರದ ಬಣ್ಣದ ಕಡೆ ಗಮನ ಕೊಡದೆ ಒಳಗಿನ ಚೀಟಿ ಓದಿ, ಅದನ್ನೇ ನೋಡಿ ಬಾಟಲಿಗೆ ಹೆಸರು ಬರೆದು, ಅರ್ಧ ಪುಡಿ ಹಾಕಿ, ಉಳಿದರ್ಧ ಮತ್ತು ಚೀಟಿ ಚೀಲದಲ್ಲೇ ಬಿಟ್ಟು ಕಟ್ಟಿದೆ. ಬಲ್ಬು ಐದು ದಿನ ಉರಿದವು. ಮಳೆ ಬಿಡಲಿಲ್ಲ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಮನೆಯೆಲ್ಲ ಆ ವಾಸನೆ.

ಆರನೇ ದಿನ ಬಾಗಲವಾಡ ಎಂದು ಬರೆದ ಬಾಟಲಿಯಲ್ಲಿ ಅದು ಸಿಕ್ಕಿತು. ಒಂದೇ ಒಂದು. ಸಾಸಿವೆಯ ಅರ್ಧದಷ್ಟೂ ಇಲ್ಲದ ಜೀರುಂಡೆ, ಜೇನಿನ ಬಣ್ಣ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕಣ್ಣು ಹುಡುಕಿದೆ. ಕಣ್ಣಿರಲಿಲ್ಲ. ತಿರುಗಿಸಿ ನೋಡಿದೆ, ಆ ಕಡೆಯೂ ಇಲ್ಲ. ಕಣ್ಣಿರಬೇಕಾದಲ್ಲಿ ನುಣುಪಾದ ತಲೆ. ನನ್ನ ಹತ್ತಿರವಿದ್ದ ಪುಸ್ತಕಗಳಲ್ಲಿ ಯಾವುದಕ್ಕೂ ಹೊಂದಲಿಲ್ಲ. ನನಗೇ ಓದಲು ಬರುವುದಿಲ್ಲವೇನೋ ಎನ್ನಿಸಿ ಮೊದಲಿಂದ ಓದಿದೆ, ಆಗಲೂ ಹೊಂದಲಿಲ್ಲ. ಸರ್‌ಗೆ ತೋರಿಸಿದೆ. ಅವರು ಬಗ್ಗಿದವರು ಏಳಲೇ ಇಲ್ಲ. ತರಿಸಿದ ಚಹಾ ಕೆನೆಗಟ್ಟಿತು.

"ಇದನ್ನ ನಾ ನೋಡಿಲ್ಲ. ಯಾರೂ ನೋಡಿಲ್ಲ ಅನಸ್ತದ. ಇದಕ್ಕ ಹೆಸರಿಡೂ ಭಾಗ್ಯ ನಿಂದs ಇರಬೇಕು" ಎಂದರು.

ಫೋಟೋ ತೆಗೆದು ದೂರದೂರಿನ ತಜ್ಞರೊಬ್ಬರಿಗೆ ಕಳಿಸಿದೆವು. ನಾಲ್ಕೇ ದಿನದಲ್ಲಿ ಉತ್ತರ ಬಂತು: ಇದು ಹೊಸದೇ ಇರಬಹುದು, ಇನ್ನೂ ಕೆಲವು ಬೇಕು, ಯಾವ ಮರದ ಕೆಳಗಿನದೆಂದು ನಿಖರವಾಗಿ ತಿಳಿಸಿ. ಅಂದರೆ ನನ್ನ ಪ್ರಬಂಧಕ್ಕೆ ಜೀವ ಬಂದಂತೆ. ಅವ್ವನಿಗೆ ಹೇಳಿದೆ. ಅವಳಿಗೆ ಕಣ್ಣಿಲ್ಲದ್ದು ಎಂಬುದೊಂದೇ ಹಿಡಿಸಿತು. "ಅಯ್ಯ, ಕುರುಡವ್ವ" ಎಂದಳು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಕುರುಡವ್ವ. "ನಿನ್ನ ಹೆಸರು ಪೇಪರನ್ಯಾಗ ಬರ್ತದೇನ?" ಎಂದು ಪಕ್ಕದ ಮನೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ವಿಚಾರಿಸಿದಳು.

ನಾಗರ ಅಮಾವಾಸ್ಯೆಗೆ ಎರಡು ದಿನವಿತ್ತು. ಇನ್ನಷ್ಟು ಹುಳ ಮರದಡಿಯಲ್ಲೇ ಹುಡುಕಿದರಾಯಿತೆಂದು, ಲಾಳಿಕೆಯ ಒಣ ಪುಡಿಯನ್ನೂ ಕೆಂಪು ದಾರದ ಚೀಲವನ್ನೂ ಹೊತ್ತು ಬಾಗಲವಾಡಕ್ಕೆ ಹೋದೆ. ಬಸಮ್ಮನೆದುರಿಗೇ ಮರದ ಬುಡಕ್ಕೆ ಸುರಿದೆ. ಚೀಲ ಒದರಿದಾಗ ಕೊನೆಗೆ ಚೀಟಿ ಬಿತ್ತು. ಒಂದು ಅಂಚು ಕಂದು ಬಣ್ಣಕ್ಕೆ ತಿರುಗಿತ್ತು, ಕೆಸರೆಂದುಕೊಂಡು ಸೀರೆಗೆ ಒರೆಸಿ ಓದಿದೆ.

ದೇವದುರ್ಗ.

ಮತ್ತೊಮ್ಮೆ ಓದಿದೆ. ನನ್ನದೇ ಅಕ್ಷರ. ಹೊರಗೆ ಕೆಂಪು ದಾರ, ಒಳಗೆ ದೇವದುರ್ಗ. ದಾರ ಸುಳ್ಳೋ, ಚೀಟಿ ಸುಳ್ಳೋ? ನಾನು ಈಗ ಸುರಿದದ್ದು ಈ ಮರದ್ದೋ, ಆ ಮರದ್ದೋ? ಎಲೆಯ ಮೇಲೇ ಕೂತುಬಿಟ್ಟೆ. ಬಸಮ್ಮ ಏನೋ ಭಕ್ತಿ ಬಂದಿದೆ ಎಂದುಕೊಂಡು ಕೈ ಮುಗಿದು ದೂರ ನಿಂತರು.

ಮನೆಗೆ ಬಂದು ಬಿಳಿ ದಾರದ ಚೀಲ ಬಿಚ್ಚಿದೆ. ಅದರೊಳಗಿನ ಚೀಟಿ ಬಾಗಲವಾಡ ಎನ್ನುತ್ತಿತ್ತು. ಅವ್ವನನ್ನು ಕೂಗಿದೆ.

"ಹೂಂ, ನಾನs" ಎಂದಳು ಸೆರಗಿಗೆ ಕೈ ಒರೆಸುತ್ತಾ. "ಚೀಲ ಬೂಷ್ಟ ಹಿಡದಾವೇನೋ ಅಂತ ಬಿಚ್ಚಿ ನೋಡಿದೆ. ಚೀಟಿ ಎರಡೂ ತೊಯ್ದು ಮೆತ್ತಗಾಗಿದ್ವು. ಇಷ್ಟ ಕಷ್ಟಪಟ್ಟು ಬರದೀಯಲ್ಲ, ಅಳಿಸಿ ಹೋದ್ರ ಏನ್ ಗತಿ ಅಂತ ಒಣಗಿಸಿ ತಿರುಗಿ ಹಾಕೀನಿ."

ಅವ್ವನಿಗೆ ಓದು ಬಾರದು. ಎರಡು ಚೀಟಿ, ಎರಡು ಚೀಲ. ದಾರವನ್ನೂ ಬಿಚ್ಚಿ ಕಟ್ಟಿದ್ದಾಳೆ.

"ಯಾವಾಗ?"

"ಮಳಿ ಬಂದಾಗ."

ಆ ತಿಂಗಳು ಪೂರ್ತಿ ಮಳೆಯೇ ಇತ್ತು. ಎಲ್ಲವೂ ಆ 'ಯಾವಾಗ' ಎಂಬ ಒಂದರ ಮೇಲೇ ನಿಂತಿತ್ತು. ಲಾಳಿಕೆ ತುಂಬುವ ಮೊದಲೇ, ಬಲ್ಬಿಗಾಗಿ ನಾನು ಅಲೆಯುತ್ತಿದ್ದ ಆ ಮೂರು ದಿನಗಳಲ್ಲೇ ಅವಳು ಚೀಟಿ ತೆಗೆದಿದ್ದರೆ, ನಾನು ತಪ್ಪು ಚೀಟಿ ನೋಡಿ ಬಾಟಲಿಗೆ ಹೆಸರು ಬರೆದಿರಬಹುದು, ಕುರುಡವ್ವ ದೇವದುರ್ಗದ್ದಿರಬಹುದು. ತುಂಬಿದ ಮೇಲೆ ತೆಗೆದಿದ್ದರೆ ಬಾಟಲಿಯ ಹೆಸರು ಖರೆ, ಅದು ಬಾಗಲವಾಡದ್ದೇ.

ನಾನು ಕೂಗಾಡಿದೆ. ಆ ಮಾತುಗಳನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಿನಗ್ಯಾರು ಮುಟ್ಟು ಅಂದ್ರು, ಓದು ಬರದವರು ಚೀಟಿ ಯಾಕ ಮುಟ್ಟಬೇಕು, ಎಂದೆಲ್ಲ. ಅವ್ವ ತಪ್ಪು ಏನೆಂದು ತಿಳಿಯದೆ, ತಪ್ಪಾಗಿದೆ ಎಂದಷ್ಟೇ ತಿಳಿದು ನಿಂತಿದ್ದಳು. "ಪೆನ್ಸಿಲ್ಲು ಅಳಸೂದಿಲ್ಲೇನು ನೀರಿಗೆ?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಆ ಖೋಲಿಯ ಹೊಸ್ತಿಲು ದಾಟಲಿಲ್ಲ. ಕಸ ಗುಡಿಸುವಾಗಲೂ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಆದರೆ ನೆನಪಿಸಿಕೊಳ್ಳಲು ಅವಳು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಾ ಕೈ ನಿಲ್ಲಿಸಿ, "ಕವಿತಾಳದಿಂದ ನಿಮ್ಮ ಸ್ವಾದರಮಾವ ಬಂದಿದ್ದನಲ್ಲ, ಅವತ್ತು ನೋಡು" ಎನ್ನುವಳು. ಲೆಕ್ಕ ಹಾಕಿದರೆ ಅದು ಲಾಳಿಕೆ ತುಂಬುವ ಮೊದಲು. ಸಂಜೆಗೆ, "ಅಲ್ಲಲ್ಲ, ಪಂಚಮಿ ಉಂಡಿಗಂತ ಮೊದಲs ಶೇಂಗಾ ಹುರದಿಟ್ಟಿದ್ನಲ್ಲ, ಆವಾಗ" ಎನ್ನುವಳು. ಅದು ತುಂಬಿದ ಮೇಲೆ. ನೆಪ್ಪಾಗಲಿ ಎಂದು ನೀರಮಾನ್ವಿ ಎಲ್ಲಮ್ಮನಿಗೆ ಹರಕೆಯನ್ನೂ ಹೊತ್ತಳು. ಪ್ರತಿ ಸಲ ಹೇಳಿ ಮುಗಿಸಿದ ಮೇಲೆ ನನ್ನ ಮುಖ ನೋಡುತ್ತಿದ್ದಳು, ಸರಿ ಉತ್ತರ ಬಂತೇ ಎಂದು. ಒಂದು ದಿನ ಕಣ್ಣಲ್ಲಿ ನೀರು ತಂದುಕೊಂಡು, "ನಿನಗ ಯಾವುದು ಬೇಕು ಹೇಳವಾ, ಅದನ್ನs ಹೇಳ್ತೀನಿ" ಎಂದಳು. ಅಂದಿನಿಂದ ಕೇಳುವುದನ್ನು ಬಿಟ್ಟೆ. ಅವಳ ಯಾವ ನೆನಪನ್ನೂ ನಂಬುವಂತಿರಲಿಲ್ಲ, ಹಾಗೆ ಮಾಡಿದವಳು ನಾನೇ.

ಮರಗಳನ್ನೇ ಕೇಳೋಣವೆಂದು ದೇವದುರ್ಗಕ್ಕೆ ಹೋದೆ. ಆ ಹುಣಸೆಯ ಸುತ್ತ ಹೊಸದಾಗಿ ಕಟ್ಟೆ ಎದ್ದಿತ್ತು. ಬಂಡೆ ಸರಿಸಿ, ನೆಲಕ್ಕೆ ಸಿಮೆಂಟು ಹಾಕಿದ್ದರು. ಎಲೆಯೆಲ್ಲ ಏನಾಯಿತೆಂದು ಕೇಳಿದರೆ ಕಟ್ಟೆಯ ಮೇಲೆ ಕೂತಿದ್ದವರು ಖುಷಿಯಿಂದ, "ಸುಟ್ಟು ಸ್ವಚ್ಛ ಮಾಡೀವ್ರಿ. ಕೂಡ್ರಿ, ತಂಪದ" ಎಂದರು. ಕೂತೆ. ತಂಪಾಗಿಯೇ ಇತ್ತು.

ಬಾಗಲವಾಡಕ್ಕೆ ಹೋದೆ. ಹಿಡಿ ಹಿಡಿ ಎಲೆ ತೆಗೆದು ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿದು, ಹೊಟ್ಟೆಯ ಮೇಲೆ ಮಲಗಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಜೇನಿನ ಬಣ್ಣದ ಚುಕ್ಕೆ ನಡೆಯಿತು. ಸಂಜೆಯೊಳಗೆ ಏಳು ಸಿಕ್ಕವು. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಹೊಳೆಯಿತು: ಮೂರು ವಾರದ ಹಿಂದೆ ಇಲ್ಲಿ ಒಂದು ಚೀಲ ಪುಡಿ ಸುರಿದವಳು ನಾನೇ. ಬಲ್ಬಿನ ಕಾವು ಕಾಣದ, ಜೀವವಿರುವ ಪುಡಿ. ಅದು ದೇವದುರ್ಗದ್ದಾಗಿದ್ದರೆ ಇವುಗಳನ್ನು ಇಲ್ಲಿಗೆ ತಂದು ಬಿಟ್ಟವಳೂ ನಾನೇ. ಏಳು ಸಿಕ್ಕರೂ ಅಷ್ಟೇ, ಎಪ್ಪತ್ತು ಸಿಕ್ಕರೂ ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಬಸಮ್ಮನಿಗೆ ಹೇಳಿದೆ. ಅವರು ಎಲೆ ಅಡಿಕೆ ಮಡಚುತ್ತಾ ಕೇಳಿದರು.

"ನಾ ಹುಟ್ಟಿದ್ದು ದೇವದುರ್ಗ. ಹನ್ನೆಲ್ಡು ವರ್ಷಕ್ಕ ಇಲ್ಲಿಗಿ ಬಂದೆ. ನನ್ನೂರು ಯಾವುದಂತ ಬರಕೋತಿ ನಿನ್ನ ಚೀಟ್ಯಾಗ?"

"ಅದು ಬ್ಯಾರೆ, ಇದು ಬ್ಯಾರೆ ಯವ್ವಾ."

"ಇರಬಹುದು" ಎಂದು ಎಲೆಯನ್ನು ಬಾಯಿಗಿಟ್ಟುಕೊಂಡರು.

ಸರ್ ನನ್ನ ಕಥೆ ಪೂರ್ತಿ ಕೇಳಿ, ಕಿಟಕಿಯ ಕಡೆ ನೋಡುತ್ತಾ, "ಬಾಗಲವಾಡ ಅಂತ ಬರದು ಕಳಿಸಿದ್ರ ಯಾರಿಗಿ ಗೊತ್ತಾಗ್ತದ? ಅರ್ಧ ಖರೇನs ಇರ್ತದ" ಎಂದರು. ಬರಿ ಎಂದರೋ, ನಾನು ಬರೆಯುತ್ತೇನೋ ಎಂದು ಪರೀಕ್ಷೆ ಮಾಡಿದರೋ, ಇವತ್ತಿಗೂ ತಿಳಿದಿಲ್ಲ. ಪೆನ್ಸಿಲ್ಲು ಹಿಡಿದು ಕೂತೆ. ನನಗೆ ಆ ಹೆಸರು ಬೇಕಿತ್ತು, ಅದನ್ನು ಮುಚ್ಚಿಡುವುದೇಕೆ. ಆದರೆ ಕೈ ಬರೆಯಲಿಲ್ಲ. ತಜ್ಞರಿಗೆ ಇದ್ದದ್ದು ಇದ್ದಂತೆ ಪತ್ರ ಬರೆದೆ. ಅದರಲ್ಲೊಂದು ಸಾಲು, "ಮನೆಯಲ್ಲಿ ಓದುಬಾರದವರೊಬ್ಬರ ಅಜಾಗರೂಕತೆಯಿಂದ ಚೀಟಿಗಳು ಬದಲಾಗಿವೆ" ಎಂದು. ಆ ಸಾಲನ್ನು ಬರೆಯುವಾಗ ಅವ್ವ ಹೊಸ್ತಿಲಾಚೆ ನಿಂತು, ಚಹಾ ಒಳಗೆ ತರಲೋ ಬೇಡವೋ ಎಂದು ಕೇಳುತ್ತಿದ್ದಳು.

ತಜ್ಞರ ಉತ್ತರ ಸಣ್ಣದಿತ್ತು: ಊರು ಖಚಿತವಿಲ್ಲದೆ ಹೆಸರಿಡಲಾಗದು, ಜೋಪಾನವಾಗಿಡಿ. ಆ ಅಧ್ಯಾಯ ಬಿಟ್ಟು ಪ್ರಬಂಧ ಮುಗಿಸಿದೆ. ಅದು ಹುಣಸೆ ಎಲೆಯಷ್ಟು ತೆಳ್ಳಗಾಯಿತು, ಪದವಿಯೂ ಬಂತು. ಕುರುಡವ್ವನ ಬಾಟಲಿಯನ್ನೂ ಆ ಎರಡು ಚೀಟಿಗಳನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬಸಮ್ಮನ ಮರಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ. ಕುರುಡವ್ವಗಳು ಅಲ್ಲೇ ಇವೆ. ಎಲ್ಲಿಂದ ಬಂದವೆಂದು ಅವಕ್ಕೆ ಚಿಂತೆಯಿದ್ದಂತಿಲ್ಲ.

ಕೋಳಿಮರಿ ಅಂಗಡಿಯ ತಗಡಿನ ಕೆಳಗೆ ಅವ್ವ ಹೇಳಿದ ಇನ್ನೊಂದು ಮಾತು ಇದು:

"ಆ ಚೀಟಿ ಕರಕಾದಾಗ ಈ ವಾಸನಿ ಇನ್ನs ಜೋರು ಬಂದಿತ್ತು."

"ಯಾವ ಚೀಟಿ?"

"ಅವs, ಎರಡು. ನಿನ್ನ ಬಲ್ಬಿನ ಮುಚ್ಚಳದ ಮ್ಯಾಗ ಇಟ್ಟಿದ್ನಲ್ಲ ಒಣಗಲಿ ಅಂತ. ಬಿಸಿಲs ಇರಲಿಲ್ಲ, ಇನ್ನೆಲ್ಲಿ ಒಣಗಸ್ಲಿ? ಅಂಚು ಕಂದಾದ್ವು. ನೀ ಬೈತಿ ಅಂತ ಅಂಜಿ ಲಗೂನ ಚೀಲಕ್ಕ ಹಾಕಿಬಿಟ್ಟೆ."

ಮಳೆ ನಿಂತಿರಲಿಲ್ಲ. ಆಟೋ ಹಿಡಿದು ಮನೆಗೆ ಬಂದೆವು, ಕನ್ನಡಕ ಅಂಗಡಿಯಲ್ಲೇ ಉಳಿಯಿತು. ಟ್ರಂಕು ತೆಗೆದೆ. ಚೀಟಿಗಳ ಕಂದು ಅಂಚನ್ನು ಉಗುರಿನಿಂದ ಕೆರೆದೆ. ಕೆಸರಲ್ಲ. ಕಾಗದವೇ ಸುಟ್ಟಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಎರಡರಲ್ಲೂ ಅಷ್ಟೇ ಅಗಲದ, ಒಂದೇ ಥರದ ಬಾಗಿದ ಕಲೆ. ಲಾಳಿಕೆಯ ದುಂಡು ಮುಚ್ಚಳದ ಅಂಚನ್ನು ಅದಕ್ಕೆ ಹಿಡಿದು ನೋಡಿದೆ. ಕೂತಿತು.

ಬಲ್ಬು ತಂದದ್ದೇ ಲಾಳಿಕೆ ತುಂಬಿದ ದಿನ. ಅದಕ್ಕಿಂತ ಮೊದಲು ಆ ಖೋಲಿಯಲ್ಲಿ ಚೀಟಿ ಸುಡುವಂಥ ಕಾವೇ ಇರಲಿಲ್ಲ. ಬಲ್ಬು ಉರಿಯುತ್ತಿತ್ತೆಂದರೆ ಲಾಳಿಕೆ ತುಂಬಿತ್ತು, ಬಾಟಲಿಗೆ ಹೆಸರು ಬರೆದಾಗಿತ್ತು. ಬೆರಳು ಮಡಚಿ ಮೂರು ಸಲ ಲೆಕ್ಕ ಹಾಕಿದೆ, ಗೊಂದಲಕ್ಕೆ ಅಷ್ಟು ಒಗ್ಗಿಹೋಗಿದ್ದೆ. ಮೂರು ಸಲವೂ ಅದೇ ಬಂತು. ಬಾಟಲಿಯಲ್ಲಿದ್ದ ಆ ಒಂದು ಕುರುಡವ್ವ ಬಾಗಲವಾಡದ್ದು. ನನ್ನ ಅವ್ವನ ಕೈ ಅದನ್ನು ಕೆಡಿಸಿರಲಿಲ್ಲ.

ಅವಳು ಹೊಸ್ತಿಲಾಚೆ ನಿಂತಿದ್ದಳು, ಏಳು ವರ್ಷದ ರೂಢಿಯಂತೆ.

"ಯವ್ವಾ, ಇದನ್ನ ಅವತ್ತs ಯಾಕ ಹೇಳ್ಲಿಲ್ಲ?"

ಅವಳು ನಿಜಕ್ಕೂ ಯೋಚಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀ ಯಾವಾಗ, ಯಾವಾಗ ಅಂತ ಕೇಳಿದಿ. ಎಲ್ಲಿ ಒಣಗಿಸಿದಿ ಅಂತ ಒಮ್ಮೀನೂ ಕೇಳ್ಲಿಲ್ಲಲ್ಲ."

ನಾನು ಎದ್ದು ಹೋಗಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಟ್ರಂಕಿನ ಪಕ್ಕ ಕೂರಿಸಿ, ಹೊಸ ಚೀಟಿ ಕತ್ತರಿಸಿ, ಪೆನ್ಸಿಲ್ಲು ಚೂಪು ಮಾಡಿದೆ. ಊರಿನ ಹೆಸರು ಬರೆಯುವಾಗ ಒಂದೊಂದೇ ಅಕ್ಷರವನ್ನು ಅವಳಿಗೆ ಓದಿ ಹೇಳಿದೆ.